ಸಣ್ಣ ಆಫೀಸಿನ ಕಂಪ್ಯೂಟರನ್ನು ಯಾರು ಹ್ಯಾಕ್ ಮಾಡುತ್ತಾರೆ?

"ನಮ್ಮದು ನಾಲ್ಕೇ ಕಂಪ್ಯೂಟರಿನ ಆಫೀಸು. ಹ್ಯಾಕರ್‌ಗಳಿಗೆ ನಮ್ಮಲ್ಲಿ ಏನು ಸಿಗುತ್ತದೆ? ಒಂದು ಆಂಟಿವೈರಸ್ ಹಾಕಿಸಿದರೆ ಸಾಕು, ವೈಫೈ ಹೆಸರು ಕಾಣದಂತೆ ಮಾಡಿದರೆ ಇನ್ನೂ ಒಳ್ಳೆಯದು." ವ್ಯಾಪಾರಿಗಳ ವಾಟ್ಸ್‌ಆಪ್ ಗುಂಪುಗಳಲ್ಲಿ ಇಂಥ ಸಲಹೆ ನಿಮಗೂ ಬಂದಿರಬಹುದು. ಕೇಳಲು ಸರಿಯೆನಿಸುವ ಈ ಮಾತನ್ನು ನಂಬಿದರೆ ಬಿಲ್ಲಿಂಗ್, ಟ್ಯಾಲಿ ಲೆಕ್ಕ, ಜಿಎಸ್‌ಟಿ ದಾಖಲೆ, ಗ್ರಾಹಕರ ಬಾಕಿ ಪಟ್ಟಿ ಎಲ್ಲವೂ ಒಂದೇ ದಿನದಲ್ಲಿ ಕೈತಪ್ಪಿ ಹೋಗಬಹುದು. ಹೇಗೆ ಎಂದು ನೋಡೋಣ.

ಹ್ಯಾಕರ್ ನಮ್ಮನ್ನು ಹುಡುಕಿಕೊಂಡು ಬರುತ್ತಾನೆಯೇ?

ಬಹಳಷ್ಟು ದಾಳಿಗಳಲ್ಲಿ ಯಾರೂ ನಿಮ್ಮ ಅಂಗಡಿಯ ಹೆಸರು ನೋಡಿ ಬರುವುದಿಲ್ಲ. ಆ ಕೆಲಸವನ್ನು ತಂತ್ರಾಂಶವೇ ಮಾಡುತ್ತದೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ 'ಝಡ್‌ಮ್ಯಾಪ್' ಎಂಬ ತಂತ್ರಾಂಶವನ್ನು ಪ್ರಕಟಿಸಿದರು. ವೇಗದ ಸಂಪರ್ಕ ಇರುವ ಒಂದೇ ಕಂಪ್ಯೂಟರಿನಿಂದ, 45 ನಿಮಿಷದೊಳಗೆ, ಇಂಟರ್‌ನೆಟ್ಟಿನ ಎಲ್ಲ ಐಪಿವಿ4 ವಿಳಾಸಗಳ ಬಾಗಿಲನ್ನೂ ಒಮ್ಮೆ ತಟ್ಟಿ ಬರಲು ಅದಕ್ಕೆ ಸಾಧ್ಯ. ಅದನ್ನು ಮಾಡಿದ್ದು ಸಂಶೋಧನೆಗಾಗಿ. ಆದರೆ ಇದೇ ವಿಧಾನವನ್ನು ವಂಚಕರೂ ಬಳಸುತ್ತಾರೆ. ತಟ್ಟಿದಾಗ ತೆರೆದುಕೊಂಡ ಬಾಗಿಲು ಬ್ಯಾಂಕಿನದೋ ದಿನಸಿ ಅಂಗಡಿಯದೋ ಎಂಬುದು ಒಳಗೆ ನುಗ್ಗಿದ ಮೇಲಷ್ಟೇ ಗೊತ್ತಾಗುತ್ತದೆ.

ಆಂಟಿವೈರಸ್ ಇದ್ದರೆ ಸಾಲದೇ?

ಆಂಟಿವೈರಸ್ ಬೇಕು, ಆದರೆ ಅದೊಂದೇ ಸಾಲದು. 2017ರ ಮೇ 12ರಂದು ಹರಡಲು ಶುರುವಾದ 'ವಾನಾಕ್ರೈ' ಇದಕ್ಕೆ ಒಳ್ಳೆಯ ಉದಾಹರಣೆ. ಅದು ಕಂಪ್ಯೂಟರಿನ ಕಡತಗಳಿಗೆಲ್ಲ ಬೀಗ ಹಾಕಿ, ಬಿಡಿಸಲು 300 ಡಾಲರ್ ಬೆಲೆಯ ಬಿಟ್‌ಕಾಯಿನ್ ಕೇಳುತ್ತಿತ್ತು. ಭಾರತವೂ ಸೇರಿ ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳು ಇದರ ಪಾಲಾದವು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ಅಪಾಯಿಂಟ್‌ಮೆಂಟ್ ರದ್ದಾಯಿತು. ಆ ಆಸ್ಪತ್ರೆಗಳನ್ನೇ ಗುರಿಯಾಗಿಸಿ ಯಾರೂ ದಾಳಿ ಮಾಡಿರಲಿಲ್ಲ ಎಂದು ಅಲ್ಲಿನ ಲೆಕ್ಕಪರಿಶೋಧನಾ ಸಂಸ್ಥೆಯ ವರದಿಯೇ ಹೇಳಿದೆ.

ವಾನಾಕ್ರೈ ಹರಡಲು ಯಾರೂ ಲಿಂಕ್ ಒತ್ತಬೇಕಾಗಿರಲಿಲ್ಲ. ವಿಂಡೋಸ್‌ನಲ್ಲಿ ಕಡತ ಹಂಚಿಕೊಳ್ಳುವ ವ್ಯವಸ್ಥೆಯ ಒಂದು ಲೋಪವನ್ನು ಹಿಡಿದು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ತಾನೇ ಹಾರುತ್ತಿತ್ತು. ಆ ಲೋಪವನ್ನು ಸರಿಪಡಿಸುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಹಿಂದೆ, ಮಾರ್ಚ್ 14ರಂದೇ ಕೊಟ್ಟಿತ್ತು. ಹಾಕಿಕೊಂಡವರು ಬಚಾವಾದರು. "ಆಮೇಲೆ ನೆನಪಿಸು" ಎಂದು ಒತ್ತಿದವರು ಸಿಕ್ಕಿಬಿದ್ದರು.

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮ ಆಫೀಸಿನಲ್ಲಿ ಅದೇ ಇದ್ದರೆ ಹೊಸ ಆವೃತ್ತಿಗೆ ಬದಲಾಗುವ ಅಥವಾ ವಿಸ್ತರಿತ ಭದ್ರತಾ ಅಪ್‌ಡೇಟ್ ಪಡೆಯುವ ಬಗ್ಗೆ ಈಗಲೇ ವಿಚಾರಿಸಿ.

ರೂಟರ್, ಸಿಸಿಟಿವಿಗಳೂ ಕಂಪ್ಯೂಟರುಗಳೇ

ನೆಟ್‌ವರ್ಕ್ ಎಂದರೆ ಮೇಜಿನ ಮೇಲಿನ ಕಂಪ್ಯೂಟರ್ ಮಾತ್ರವಲ್ಲ. ಮೂಲೆಯಲ್ಲಿ ಮಿನುಗುವ ರೂಟರ್, ಸಿಸಿಟಿವಿ ದೃಶ್ಯ ಉಳಿಸುವ ಡಿವಿಆರ್, ವೈಫೈ ಪ್ರಿಂಟರ್ ಇವೆಲ್ಲವೂ ಅದರ ಭಾಗ. ಇವುಗಳ ಸೆಟ್ಟಿಂಗ್ಸ್ ತೆರೆಯಲು ಕಂಪನಿ ಕೊಟ್ಟ ಪಾಸ್‌ವರ್ಡ್ ಬಹಳ ಕಡೆ 'ಅಡ್ಮಿನ್', '12345' ಎಂದೇ ಉಳಿದಿರುತ್ತದೆ.

2016ರಲ್ಲಿ ಕಾಣಿಸಿಕೊಂಡ 'ಮಿರಾಯ್' ಎಂಬ ಕುತಂತ್ರಾಂಶದ ಬಳಿ ಇಂಥ 60ರಷ್ಟು ಹೆಸರು-ಪಾಸ್‌ವರ್ಡ್ ಜೋಡಿಗಳ ಪಟ್ಟಿ ಇತ್ತು. ಅಷ್ಟರಿಂದಲೇ ಅದು ಲಕ್ಷಾಂತರ ಕ್ಯಾಮೆರಾ, ಡಿವಿಆರ್, ರೂಟರ್‌ಗಳನ್ನು ವಶಪಡಿಸಿಕೊಂಡಿತು. ಅದೇ ವರ್ಷ ಅಕ್ಟೋಬರ್ 21ರಂದು ಆ ಸಾಧನಗಳ ಸೈನ್ಯ ನಡೆಸಿದ ದಾಳಿಯಿಂದ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಅಮೆರಿಕದ ಹಲವೆಡೆ ತಾಸುಗಟ್ಟಲೆ ತೆರೆಯಲಿಲ್ಲ. ಕ್ಯಾಮೆರಾ ಮಾಲೀಕರಿಗೆ ಇದರ ಸುಳಿವೂ ಇರಲಿಲ್ಲ.

ಹಾಗಾಗಿ ರೂಟರ್ ಮತ್ತು ಡಿವಿಆರ್‌ನ ಪಾಸ್‌ವರ್ಡನ್ನು ಇಂದೇ ಬದಲಾಯಿಸಿ. ನೆನಪಿರಲಿ, ವೈಫೈಗೆ ಸೇರಲು ಬಳಸುವ ಪಾಸ್‌ವರ್ಡ್ ಬೇರೆ, ರೂಟರಿನ ಸೆಟ್ಟಿಂಗ್ಸ್ ತೆರೆಯುವ ಪಾಸ್‌ವರ್ಡ್ ಬೇರೆ. ಎರಡೂ ಬದಲಾಗಬೇಕು.

ವೈಫೈ ಹೆಸರು ಅಡಗಿಸಿದರೆ ರಕ್ಷಣೆಯೇ?

ಇಲ್ಲ. ಹೆಸರು ಪಟ್ಟಿಯಲ್ಲಿ ಕಾಣದಿದ್ದರೂ ರೂಟರಿನ ಸಂಕೇತ ಗಾಳಿಯಲ್ಲಿ ಇದ್ದೇ ಇರುತ್ತದೆ. ನಿಮ್ಮ ಫೋನ್ ಅದಕ್ಕೆ ಸೇರುವಾಗ ಹೆಸರನ್ನು ಕೂಗಿ ಕರೆಯಲೇಬೇಕು. ಉಚಿತವಾಗಿ ಸಿಗುವ ತಂತ್ರಾಂಶಗಳು ಅದನ್ನು ಹಿಡಿದುಬಿಡುತ್ತವೆ. ಇದರ ಬದಲು ಡಬ್ಲ್ಯೂಪಿಎ2 ಅಥವಾ ಡಬ್ಲ್ಯೂಪಿಎ3 ಆಯ್ಕೆ ಮಾಡಿ, ಉದ್ದನೆಯ ಪಾಸ್‌ವರ್ಡ್ ಇಡಿ.

ಗ್ರಾಹಕರಿಗೂ ಬಿಲ್ಲಿಂಗಿಗೂ ಒಂದೇ ವೈಫೈ ಬೇಡ

2013ರ ಕೊನೆಯಲ್ಲಿ ಅಮೆರಿಕದ 'ಟಾರ್ಗೆಟ್' ಮಳಿಗೆಗಳಿಂದ ಸುಮಾರು 4 ಕೋಟಿ ಗ್ರಾಹಕರ ಕಾರ್ಡ್ ವಿವರ ಕಳವಾಯಿತು. ಕಳ್ಳರು ಮೊದಲು ಒಳಹೊಕ್ಕಿದ್ದು ಮಳಿಗೆಗಳ ಶೀತಲೀಕರಣದ ಕೆಲಸ ನೋಡಿಕೊಳ್ಳುತ್ತಿದ್ದ ಒಬ್ಬ ಗುತ್ತಿಗೆದಾರನ ಲಾಗಿನ್ ಕದ್ದು. ಆ ಲಾಗಿನ್ನಿನಿಂದ ಶುರುಮಾಡಿ ಬಿಲ್ಲಿಂಗ್ ಯಂತ್ರಗಳವರೆಗೆ ಹೋಗಲು ಅವರಿಗೆ ದಾರಿ ಸಿಕ್ಕಿತು.

ಮನೆಗೆ ಬಂದವರನ್ನು ಪಡಸಾಲೆಯಲ್ಲಿ ಕೂರಿಸುತ್ತೇವೆ, ತಿಜೋರಿ ಇರುವ ಕೋಣೆಗೆ ಬಿಡುವುದಿಲ್ಲ. ನೆಟ್‌ವರ್ಕಿಗೂ ಇದೇ ನಿಯಮ. ಈಗಿನ ಬಹುತೇಕ ರೂಟರುಗಳಲ್ಲಿ 'ಗೆಸ್ಟ್ ನೆಟ್‌ವರ್ಕ್' ಸೌಲಭ್ಯ ಇದೆ. ಗ್ರಾಹಕರ ಫೋನುಗಳು ಅದರಲ್ಲಿರಲಿ, ಲೆಕ್ಕದ ಕಂಪ್ಯೂಟರ್ ಬೇರೆಯದರಲ್ಲಿರಲಿ. ಸಿಸಿಟಿವಿಗೂ ಸಾಧ್ಯವಾದರೆ ಪ್ರತ್ಯೇಕ ಜಾಗ ಮಾಡಿಸಿ.

ದೂರದಿಂದ ರಿಪೇರಿ ಮಾಡಲು ಸರ್ವಿಸ್‌ನವರು ಹಾಕಿದ ಎನಿಡೆಸ್ಕ್‌ನಂಥ ತಂತ್ರಾಂಶ, ರಿಮೋಟ್ ಡೆಸ್ಕ್‌ಟಾಪ್ ಸೌಲಭ್ಯ ಕೆಲಸ ಮುಗಿದ ಮೇಲೂ ತೆರೆದೇ ಇದೆಯೇ ನೋಡಿ. ಇದ್ದರೆ ಮುಚ್ಚಿಸಿ. ಕೆಲಸ ಬಿಟ್ಟುಹೋದವರ ಲಾಗಿನ್ ಅನ್ನು ಅದೇ ದಿನ ತೆಗೆಯಿರಿ.

ಪೆನ್‌ಡ್ರೈವ್‌ನಲ್ಲಿ ಬ್ಯಾಕಪ್ ಇದೆಯಲ್ಲ?

ಅದು ಎಲ್ಲಿದೆ ಎನ್ನುವುದು ಮುಖ್ಯ. ಕಂಪ್ಯೂಟರಿಗೆ ಸದಾ ಚುಚ್ಚಿಯೇ ಇರುವ ಪೆನ್‌ಡ್ರೈವ್ ಅಥವಾ ಹಾರ್ಡ್‌ಡಿಸ್ಕಿಗೂ ವಾನಾಕ್ರೈನಂಥ ತಂತ್ರಾಂಶ ಬೀಗ ಹಾಕುತ್ತದೆ. ಇದಕ್ಕೆ '3-2-1' ಎಂಬ ಸುಲಭ ಸೂತ್ರ ಇದೆ: ಮಾಹಿತಿಯ 3 ಪ್ರತಿ, 2 ಬಗೆಯ ಸಾಧನಗಳಲ್ಲಿ, ಅದರಲ್ಲಿ 1 ಆಫೀಸಿನ ಹೊರಗೆ. ಬ್ಯಾಕಪ್ ತೆಗೆದ ಮೇಲೆ ಹಾರ್ಡ್‌ಡಿಸ್ಕನ್ನು ಕಳಚಿ ಬೀರುವಿನಲ್ಲಿಡಿ. ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಒಂದು ಕಡತವನ್ನು ತೆರೆದು ನೋಡಿ. ತೆರೆಯದ ಬ್ಯಾಕಪ್ ಇದ್ದೂ ಇಲ್ಲದಂತೆ.

ದಾಳಿ ಆಗಿಯೇ ಹೋದರೆ?

ಮೊದಲು ಆ ಕಂಪ್ಯೂಟರಿನ ನೆಟ್‌ವರ್ಕ್ ಕೇಬಲ್ ಕೀಳಿ, ವೈಫೈ ಆಫ್ ಮಾಡಿ. ಬೇರೆ ಕಂಪ್ಯೂಟರ್‌ಗಳಿಗೆ ಹರಡುವುದು ಇದರಿಂದ ನಿಲ್ಲಬಹುದು. ಪರದೆಯ ಫೋಟೋ ತೆಗೆದುಕೊಳ್ಳಿ. ಗಾಬರಿಯಿಂದ ಫಾರ್ಮ್ಯಾಟ್ ಮಾಡಿಸಬೇಡಿ, ಸಾಕ್ಷ್ಯವೂ ಹೋಗುತ್ತದೆ, ಕಡತ ಮರಳಿ ಸಿಗುವ ಅವಕಾಶವೂ ಹೋಗುತ್ತದೆ. ಹಣ ಕೊಟ್ಟರೂ ಬೀಗ ತೆರೆದುಕೊಳ್ಳುತ್ತದೆ ಎಂಬ ಖಾತ್ರಿ ಇಲ್ಲ. ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್ ಮತ್ತು ಇತರರು 2016ರಲ್ಲಿ ಆರಂಭಿಸಿದ 'ನೋ ಮೋರ್ ರಾನ್ಸಮ್' ತಾಣದಲ್ಲಿ ಕೆಲವು ಬಗೆಯ ಬೀಗಗಳನ್ನು ತೆರೆಯುವ ಸಾಧನಗಳು ಉಚಿತವಾಗಿ ಸಿಗುತ್ತವೆ.

ಖಾತೆಯಿಂದ ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಕಂಪನಿಗಳು ಇಂಥ ದಾಳಿಯನ್ನು ತಿಳಿದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ 'ಸರ್ಟ್-ಇನ್' ಸಂಸ್ಥೆಗೆ ವರದಿ ಮಾಡಬೇಕು ಎಂದು 2022ರ ಏಪ್ರಿಲ್‌ನ ನಿರ್ದೇಶನ ಹೇಳುತ್ತದೆ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

1. ಅಪ್‌ಡೇಟ್ ಮುಂದೂಡಬೇಡಿ.
2. ರೂಟರ್, ಡಿವಿಆರ್ ಜೊತೆ ಬಂದ ಪಾಸ್‌ವರ್ಡ್ ಬದಲಾಯಿಸಿ.
3. ಗ್ರಾಹಕರಿಗೆ ಬೇರೆ ವೈಫೈ ಕೊಡಿ.
4. ಬೇಡದ ರಿಮೋಟ್ ಸೌಲಭ್ಯ, ಹಳೆಯ ಲಾಗಿನ್ ತೆಗೆಯಿರಿ.
5. ಬ್ಯಾಕಪ್‌ನ ಒಂದು ಪ್ರತಿಯನ್ನಾದರೂ ಕಳಚಿಡಿ.

ಬ್ಯಾಕಪ್‌ಗೆ ಒಂದು ಹಾರ್ಡ್‌ಡಿಸ್ಕ್ ಬಿಟ್ಟರೆ ಈ ಐದಕ್ಕೂ ಹೆಚ್ಚಿನ ಖರ್ಚಿಲ್ಲ. ರಾತ್ರಿ ಅಂಗಡಿಗೆ ಬೀಗ ಹಾಕಿ ಒಮ್ಮೆ ಎಳೆದು ನೋಡುತ್ತೀರಲ್ಲ, ಹಾಗೆಯೇ ಇದನ್ನೂ ತಿಂಗಳಿಗೊಮ್ಮೆ ನೋಡಿಕೊಂಡರೆ ಸಾಕು.