ಮನೆಯಲ್ಲಿ ಕಟ್ಟಿದ ವಿಮಾನಗಳ ಇಂಧನ ಶೋಧಕ

ಹವ್ಯಾಸಿಯು ತನ್ನ ಕೈಯಾರೆ ವಿಮಾನವನ್ನು ಕಟ್ಟಿಕೊಳ್ಳುವ ಪದ್ಧತಿ ಇಂದು ನಿನ್ನೆಯದಲ್ಲ. ಫ್ರಾನ್ಸಿನ ಆನ್ರಿ ಮಿನ್ಯೆ 1933ರಲ್ಲಿ ಹಾರಿಸಿದ, ಇಂಗ್ಲಿಷರು ‘ಹಾರುವ ಚಿಗಟ’ವೆಂದು ಕರೆದ ಪುಟ್ಟ ವಿಮಾನವು ಈ ಹವ್ಯಾಸವನ್ನು ಸಾಮಾನ್ಯರ ಬಳಿಗೆ ತಂದಿತು, ಅಮೆರಿಕದಲ್ಲಿ ಪಾಲ್ ಪೊಬೆರೆಜ್ನಿ 1953ರಲ್ಲಿ ಸ್ಥಾಪಿಸಿದ ಸಂಘವು ಅದಕ್ಕೊಂದು ನೆಲೆಯನ್ನು ಒದಗಿಸಿತು. ಇಂಥ ವಿಮಾನದ ಒಂದು ಸಣ್ಣ ಅಂಗವನ್ನು ಕುರಿತು ಇತಿಹಾಸದ ಅಧ್ಯಾಪಕನು ಬರೆಯುವುದು ವಾಚಕರಿಗೆ ವಿಚಿತ್ರವೆನಿಸಬಹುದು. ಆದರೆ ಇದು ಮೂಲತಃ ಸಾಕ್ಷ್ಯವನ್ನು ಓದುವ ಪ್ರಶ್ನೆಯೇ ಆಗಿದೆ.

ಕಾರ್ಖಾನೆಯ ವಿಮಾನವನ್ನು ಕಟ್ಟುವವನೊಬ್ಬ, ಪರೀಕ್ಷಿಸುವವನು ಮತ್ತೊಬ್ಬ. ಅಮೆರಿಕದ ನಿಯಮದಂತೆ ಹವ್ಯಾಸಿ ನಿರ್ಮಾಪಕನಾದರೋ ತಾನು ಕಟ್ಟಿದ ವಿಮಾನದ ವಾರ್ಷಿಕ ತಪಾಸಣೆಯನ್ನು ತಾನೇ ನಡೆಸುವ ಅರ್ಹತಾಪತ್ರವನ್ನು ಪಡೆಯಬಹುದು. ತನ್ನ ಗ್ರಂಥಕ್ಕೆ ತಾನೇ ವಿಮರ್ಶೆ ಬರೆದಂತೆ! ಅಲ್ಲಿಯ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಲಿಯ 2012ರ ವರದಿಯ ಪ್ರಕಾರ, 2011ರಲ್ಲಿ ಈ ವರ್ಗದ ವಿಮಾನಗಳು ಖಾಸಗಿ ಹಾರಾಟದ ವಿಮಾನಗಳಲ್ಲಿ ಸುಮಾರು 10 ಶೇಕಡದಷ್ಟೇ ಇದ್ದರೂ, ಪ್ರಾಣಹಾನಿಯಾದ ಅಪಘಾತಗಳಲ್ಲಿ ಇವುಗಳ ಪಾಲು 21 ಶೇಕಡ. ಎಂಜಿನು ಶಕ್ತಿಗುಂದುವುದು ಮುಖ್ಯ ಕಾರಣಗಳಲ್ಲೊಂದು. ಹಾರುವುದಕ್ಕೆ ಮೊದಲೇ ಇಂಧನ ವ್ಯವಸ್ಥೆಯನ್ನು ಪರೀಕ್ಷಿಸಿ ದಾಖಲೆಯಿಡಬೇಕೆಂದು ಮಂಡಲಿ ಶಿಫಾರಸು ಮಾಡಿತು.

ಶೋಧನೆಯು ಹಂತಹಂತವಾಗಿ ನಡೆಯುತ್ತದೆ. ಟ್ಯಾಂಕಿನ ಬಾಯಲ್ಲಿ ದೊಡ್ಡ ಕಣ್ಣಿನ ಜಾಲರಿ. ಮುಂದೆ, ಇಂಧನಮಾರ್ಗದ ಅತ್ಯಂತ ತಗ್ಗಿನಲ್ಲಿ, ಗ್ಯಾಸ್ಕೊಲೇಟರ್ ಎಂಬ ಬಟ್ಟಲು ಮತ್ತು ಅದರೊಳಗಿನ ಸಣ್ಣ ಕಣ್ಣಿನ ಜಾಲರಿ. ಪೆಟ್ರೋಲಿಗಿಂತ ಭಾರವಾದ ನೀರು ಈ ಬಟ್ಟಲಿನ ತಳದಲ್ಲಿ ನಿಲ್ಲುತ್ತದೆ. ಬಾಲದ ಗಾಲಿಯುಳ್ಳ ವಿಮಾನವು ನೆಲದ ಮೇಲೆ ಮೂಗೆತ್ತಿ ನಿಂತಿರುವುದರಿಂದ, ನಿಂತಾಗಿನ ತಗ್ಗು ಹಾರುವಾಗಿನ ತಗ್ಗಲ್ಲ. ಇದನ್ನು ಮರೆತು ಬಟ್ಟಲನ್ನು ಕೂರಿಸಿದರೆ ನೀರು ಬೇರೆಡೆ ಅವಿತಿರುತ್ತದೆ. ಜಾಲರಿ ಎಷ್ಟು ನವುರಾದರೆ ಅಷ್ಟು ಒಳ್ಳೆಯದೆಂಬುದೂ ಭ್ರಮೆ. ಅತಿ ಸಣ್ಣ ಕಣ್ಣು ಬೇಗ ಕಟ್ಟಿಕೊಂಡು, ಕಾಯಬೇಕಾದ ಶೋಧಕವೇ ಎಂಜಿನನ್ನು ನಿಲ್ಲಿಸೀತು; ನೆಲಬಿಟ್ಟ ಅರೆನಿಮಿಷದಲ್ಲಿ ಹಾಗಾದರೆ ಇಳಿಯಲು ಜಾಗವನ್ನು ಆಯುವಷ್ಟು ಎತ್ತರವೂ ಇರುವುದಿಲ್ಲ.

ಬಟ್ಟಲನ್ನು ಬಿಚ್ಚಿದವನು ಮೊದಲು ಮಾಡುವ ತಪ್ಪೆಂದರೆ ಅದನ್ನು ಕೂಡಲೇ ತೊಳೆದುಬಿಡುವುದು. ಉತ್ಖನನ ಮಾಡುವವನು ಮಣ್ಣನ್ನು ನೋಡದೆ ಎಸೆಯುವುದುಂಟೆ? ಕಸವನ್ನು ಬಿಳಿಯ ಬಟ್ಟೆಯ ಮೇಲೆ ಸುರಿದು ಪರೀಕ್ಷಿಸಬೇಕು. ಹೊಳೆಯುವ, ಅಯಸ್ಕಾಂತಕ್ಕೆ ಅಂಟದ ಚೂರುಗಳಾದರೆ ಟ್ಯಾಂಕು ಕಟ್ಟುವಾಗ ಉಳಿದ ಅಲ್ಯುಮಿನಿಯಮಿನ ಅರದ ಪುಡಿ. ಕೆಂಪು ಪುಡಿ ತುಕ್ಕು. ಅದು ಬಹುಶಃ ಪೆಟ್ರೋಲು ತಂದ ಡಬ್ಬಿಯದು. ಬೆಳ್ಳನೆಯ ಎಳೆಗಳು ಗಾಜುನಾರಿನವು. ಕಪ್ಪು ಸಿಪ್ಪೆ ಕಂಡರೆ ರಬ್ಬರು ಕೊಳವೆಯ ಒಳಮೈ ಸವೆಯುತ್ತಿದೆ ಎಂದರ್ಥ. ಅಂಟಾದ ಲೋಳೆ ಎಲ್ಲಕ್ಕಿಂತ ಕೆಟ್ಟ ಸೂಚನೆ: ಎಥನಾಲು ಬೆರೆತ ಪೆಟ್ರೋಲು ಕೆಲವು ಬಗೆಯ ರಾಳಗಳನ್ನೂ ಬಿರುಕುಮುಚ್ಚುವ ಲೇಪಗಳನ್ನೂ ಕರಗಿಸಬಲ್ಲುದು; ಆಗ ತೊಳೆಯಬೇಕಾದದ್ದು ಜಾಲರಿಯನ್ನಲ್ಲ, ನೋಡಬೇಕಾದದ್ದು ಟ್ಯಾಂಕನ್ನು. ಕಂಡದ್ದನ್ನು ದಿನಾಂಕ ಮತ್ತು ಹಾರಾಟದ ಗಂಟೆಗಳೊಡನೆ ದಾಖಲೆಪುಸ್ತಕದಲ್ಲಿ ಬರೆದಿಟ್ಟರೆ, ಕಸ ಇಳಿಯುತ್ತಿದೆಯೋ ಏರುತ್ತಿದೆಯೋ ತಿಳಿಯುತ್ತದೆ. ಸಾಮಾನ್ಯವಾಗಿ 25 ಅಥವಾ 40 ಗಂಟೆಗಳಾಗುವ ಪರೀಕ್ಷಾ ಹಾರಾಟದ ಅವಧಿಯಲ್ಲಿ ಇದನ್ನು ಮೇಲಿಂದ ಮೇಲೆ ಮಾಡಬೇಕು. ನಿರ್ಮಾಣದ ಕಸ ಹೆಚ್ಚಾಗಿ ಹೊರಬರುವುದು ಆಗಲೇ.

ದಿನದ ಮೊದಲ ಹಾರಾಟಕ್ಕೆ ಮುಂಚೆ ಮತ್ತು ಇಂಧನ ತುಂಬಿಸಿದ ಬಳಿಕ ಗಾಜಿನ ಪಾತ್ರೆಗೆ ಸ್ವಲ್ಪ ಬಸಿದು ನೋಡುವುದು ರೂಢಿ. ನೀರಿನ ಗೆರೆ ಕಾಣದಿದ್ದರೆ ನೀರೇ ಇಲ್ಲವೆನ್ನಲಾಗದು, ಪಾತ್ರೆಯೆಲ್ಲ ನೀರೇ ಆಗಿದ್ದರೂ ಗೆರೆ ಕಾಣದು! ವಿಮಾನದ 100 ಎಲ್‌ಎಲ್ ಪೆಟ್ರೋಲಿಗೆ ನೀಲಿ ಬಣ್ಣ ಹಾಕಿರುವುದು ಇಲ್ಲಿ ನೆರವಾಗುತ್ತದೆ.

ಮರುಜೋಡಣೆಯಲ್ಲಿ ಹೊಸ ಗ್ಯಾಸ್ಕೆಟ್ ಹಾಕಿ, ಬಟ್ಟಲನ್ನು ಬಿಗಿದು, ಸಡಿಲದಂತೆ ತಂತಿ ಕಟ್ಟಬೇಕು. ಗುರುತ್ವದಿಂದ ಹರಿಯುವ ವ್ಯವಸ್ಥೆಯಾದರೆ, ಮೂಗನ್ನು ಮೇಲೇರುವ ಕೋನಕ್ಕೆ ಎತ್ತಿ, ಪೂರ್ಣಶಕ್ತಿಯಲ್ಲಿ ಎಂಜಿನು ಬೇಡುವುದರ 150 ಶೇಕಡದಷ್ಟು ಇಂಧನ ಹರಿಯುವುದೇ ಎಂದು ಅಳೆಯಬೇಕು; ಪಂಪಿನದಾದರೆ 125 ಶೇಕಡ. ಆಮೇಲೆ ಎಂಜಿನನ್ನು ನೆಲದ ಮೇಲೆಯೇ ಕೆಲಹೊತ್ತು ಓಡಿಸಿ, ನಿಲ್ಲಿಸಿ, ಬಟ್ಟಲಿನ ಅಂಚಿನಲ್ಲಿ ಒಸರು ಇದೆಯೇ ಎಂದು ನೋಡತಕ್ಕದ್ದು.