ತುರ್ತು ಬಾಗಿಲಿಗೆ ತಜ್ಞ ವೈದ್ಯರು ಬಂದ ಬಗೆ

2024ರ ಮಾರ್ಚ್ 1, ಶುಕ್ರವಾರ. ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಬೆಂಗಳೂರಿನ ಬ್ರೂಕ್‌ಫೀಲ್ಡ್‌ನ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸಿಡಿಯಿತು. ಊಟದ ಹೊತ್ತು, ತುಂಬಿದ ಹೋಟೆಲು. ಗಾಯಗೊಂಡ ಗ್ರಾಹಕರನ್ನೂ ಸಿಬ್ಬಂದಿಯನ್ನೂ ಹತ್ತಿರದ ಬ್ರೂಕ್‌ಫೀಲ್ಡ್ ಆಸ್ಪತ್ರೆಗೆ, ವೈದೇಹಿ ಆಸ್ಪತ್ರೆಗೆ ಸಾಗಿಸಿದರು. ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ. ಮುಂದಿನ ವಾರವೆಲ್ಲ ಸುದ್ದಿಯಾದದ್ದು ಸಿಸಿಟಿವಿ ದೃಶ್ಯ, ಟೋಪಿ ಹಾಕಿದ್ದ ಶಂಕಿತ, ತನಿಖೆ. ಇಂಥ ದಿನ ಆಸ್ಪತ್ರೆಯ ತುರ್ತು ಬಾಗಿಲಲ್ಲಿ ನಿಂತವರು ಏನು ಮಾಡುತ್ತಾರೆ, ಅದನ್ನು ಎಲ್ಲಿ ಕಲಿತಿರುತ್ತಾರೆ ಎಂದು ಕೇಳಿದವರು ಕಡಿಮೆ.

ಸ್ಫೋಟದ ಗಾಯಾಳುಗಳಲ್ಲಿ ಜೋರಾಗಿ ಕಿರುಚುವವರಿಗಿಂತ ಸುಮ್ಮನೆ ಕೂತವರ ಸ್ಥಿತಿ ಕೆಟ್ಟಿರಬಹುದು. ಮೈಮೇಲೆ ಒಂದು ಗೀರೂ ಇಲ್ಲದವರ ಕಿವಿತಮಟೆ ಹರಿದಿರಬಹುದು, ಶ್ವಾಸಕೋಶಕ್ಕೆ ಪೆಟ್ಟು ಬಿದ್ದಿರಬಹುದು. ಯಾರಿಗೆ ಕೆಂಪು ಪಟ್ಟಿ, ಯಾರಿಗೆ ಹಳದಿ, ಯಾರು ಕಾಯಬಹುದು ಎಂಬುದನ್ನು ಒಂದೆರಡು ನಿಮಿಷದಲ್ಲಿ ತೀರ್ಮಾನಿಸಬೇಕು. ಇದು ಹುಟ್ಟಿನಿಂದ ಬರುವ ಧೈರ್ಯವಲ್ಲ, ಮೂರು ವರ್ಷ ಕೂತು, ನಿಂತು, ರಾತ್ರಿಪಾಳಿ ಮಾಡಿ ಕಲಿಯುವ ವಿದ್ಯೆ. ಆ ವಿದ್ಯೆ ನಮ್ಮ ದೇಶಕ್ಕೆ ಬಂದು ಹೆಚ್ಚು ಕಾಲವಾಗಿಲ್ಲ.

ಬಹುಕಾಲ ನಮ್ಮ ಆಸ್ಪತ್ರೆಗಳಲ್ಲಿ ಇದ್ದದ್ದು ‘ಕ್ಯಾಶುವಾಲ್ಟಿ’. ಅಲ್ಲಿ ಹೆಚ್ಚಾಗಿ ಇರುತ್ತಿದ್ದವರು ಆಗಷ್ಟೇ ಹೌಸ್ ಸರ್ಜೆನ್ಸಿ ಮುಗಿಸಿದ ಡ್ಯೂಟಿ ಡಾಕ್ಟರು. ಅತಿ ಕಷ್ಟದ ಸ್ಥಿತಿಯಲ್ಲಿ ಬರುವ ರೋಗಿಗೆ ಆಸ್ಪತ್ರೆಯಲ್ಲೇ ಅತಿ ಕಡಿಮೆ ಅನುಭವದ ವೈದ್ಯರು! ಅವರು ಕೇಸ್ ಬರೆದುಕೊಂಡು ಸರ್ಜನ್‌ಗೋ ಫಿಸಿಷಿಯನ್‌ಗೋ ಫೋನ್ ಮಾಡುತ್ತಿದ್ದರು. ಅಪಘಾತವಾದರೆ ‘ಪೊಲೀಸ್ ಕೇಸು’ ಎಂದು ಮುಟ್ಟಲು ಹೆದರುವುದೂ ಇತ್ತು. 1989ರಲ್ಲಿ ಪರಮಾನಂದ ಕಟಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮೊದಲು ಜೀವ ಉಳಿಸಿ, ಕಾನೂನು ಆಮೇಲೆ ಎಂಬ ಅರ್ಥದ ತೀರ್ಪು ಕೊಟ್ಟಿತು. ಕೋರ್ಟ್ ಹೇಳಿತು ಸರಿ, ಜೀವ ಉಳಿಸುವುದನ್ನು ಕಲಿಸುವವರು ಬೇಕಲ್ಲ?

ಅಮೆರಿಕದಲ್ಲೂ ತುರ್ತು ಚಿಕಿತ್ಸೆ (ಎಮರ್ಜೆನ್ಸಿ ಮೆಡಿಸಿನ್) ಹಳೆಯ ಶಾಖೆಯೇನಲ್ಲ. 1961ರಲ್ಲಿ ವರ್ಜೀನಿಯಾದ ಅಲೆಕ್ಸಾಂಡ್ರಿಯಾದಲ್ಲಿ ಜೇಮ್ಸ್ ಮಿಲ್ಸ್ ಮತ್ತು ಸಂಗಡಿಗರು ತಮ್ಮ ಖಾಸಗಿ ಪ್ರಾಕ್ಟೀಸ್ ಬಿಟ್ಟು ತುರ್ತು ವಿಭಾಗವನ್ನೇ ಪೂರ್ಣಾವಧಿ ಕೆಲಸ ಮಾಡಿಕೊಂಡರು. 1970ರಲ್ಲಿ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಮೊದಲ ರೆಸಿಡೆನ್ಸಿ ಶುರುವಾಯಿತು. ಬ್ರೂಸ್ ಜೇನಿಯಕ್ ಅದರ ಮೊದಲ ವಿದ್ಯಾರ್ಥಿ. ಪ್ರತ್ಯೇಕ ತಜ್ಞಶಾಖೆ ಎಂಬ ಮನ್ನಣೆ ಸಿಕ್ಕಿದ್ದು 1979ರಲ್ಲಿ.

ಭಾರತದಲ್ಲಿ 1999ರಲ್ಲಿ ಸೊಸೈಟಿ ಫಾರ್ ಎಮರ್ಜೆನ್ಸಿ ಮೆಡಿಸಿನ್ ಇಂಡಿಯಾ ಹುಟ್ಟಿತು. 2007ರಿಂದ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯ ಇಲ್ಲಿನ ಖಾಸಗಿ ಆಸ್ಪತ್ರೆಗಳ ಜತೆ ಸೇರಿ ಮೂರು ವರ್ಷದ ತರಬೇತಿ ಕೊಡತೊಡಗಿತು. ಅದಕ್ಕೆ ವೈದ್ಯಕೀಯ ಮಂಡಳಿಯ ಮಾನ್ಯತೆ ಇರಲಿಲ್ಲ. ಆದರೂ ಕಲಿತವರ ಕೈ ಪಳಗಿತು. 2009ರಲ್ಲಿ ಭಾರತೀಯ ವೈದ್ಯಕೀಯ ಮಂಡಳಿ ತುರ್ತು ಚಿಕಿತ್ಸೆಯನ್ನು ಎಂಡಿ ಶಾಖೆಯಾಗಿ ಒಪ್ಪಿಕೊಂಡಿತು. 2013ರಲ್ಲಿ ಡಿಎನ್‌ಬಿ ಪದವಿಯೂ ಬಂತು. ಕರ್ನಾಟಕದ ಮಟ್ಟಿಗೆ ಒಂದು ವಿಚಿತ್ರ ನೋಡಿ: ‘ಆರೋಗ್ಯ ಕವಚ’ 108 ಆಂಬುಲೆನ್ಸ್ ರಸ್ತೆಗಿಳಿದದ್ದು 2008ರ ನವೆಂಬರ್ 1ರಂದು. ರೋಗಿಯನ್ನು ಕರೆತರುವ ಗಾಡಿ ಮೊದಲು ಬಂತು, ಇಳಿಸಿಕೊಳ್ಳುವ ತಜ್ಞರು ಆಮೇಲೆ. ಈಗ ಸೇಂಟ್ ಜಾನ್ಸ್ ಸೇರಿದಂತೆ ಬೆಂಗಳೂರಿನ ಹಲವು ಕಡೆ ಈ ಎಂಡಿ ಇದೆ.

ಈ ತರಬೇತಿಯ ಸ್ವರೂಪ ಬೇರೆ ಪಿಜಿಗಳಂತಲ್ಲ. ಅರಿವಳಿಕೆ, ಐಸಿಯು, ಮೂಳೆ, ಮಕ್ಕಳ ವಿಭಾಗ ಹೀಗೆ ಎಲ್ಲ ಕಡೆ ಪೋಸ್ಟಿಂಗ್ ಮಾಡಬೇಕು. ಒಂದು ಕೇಸನ್ನೇ ತೆಗೆದುಕೊಳ್ಳೋಣ. ಹೊಲಕ್ಕೆ ಹೊಡೆಯುವ ಕೀಟನಾಶಕ ಕುಡಿದವರನ್ನು ಕರೆತಂದಿದ್ದಾರೆ. ಬಾಯಲ್ಲಿ ಜೊಲ್ಲು, ಬೆವರು, ಕಣ್ಣಪಾಪೆ ಸೂಜಿಮೊನೆಯಷ್ಟು, ಬೆಳ್ಳುಳ್ಳಿಯಂಥ ವಾಸನೆ. ಇದು ಆರ್ಗನೋಫಾಸ್ಫೇಟ್ ವಿಷ. ಕಿರಿಯ ರೆಸಿಡೆಂಟ್ ಅಟ್ರೋಪಿನ್ ಕೊಡುತ್ತಾರೆ. ಐದು ನಿಮಿಷಕ್ಕೆ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳುತ್ತಾರೆ. ಗೊರಗೊರ ಸದ್ದು ಇನ್ನೂ ಇದ್ದರೆ ಡೋಸ್ ದುಪ್ಪಟ್ಟು, ಮತ್ತೆ ಐದು ನಿಮಿಷ, ಮತ್ತೆ ದುಪ್ಪಟ್ಟು, ಶ್ವಾಸಕೋಶ ತಿಳಿಯಾಗುವವರೆಗೆ. ಹೃದಯ ಓಡುತ್ತಿದೆಯೆಂದು ಹೆದರಿ ಮೊದಲೇ ನಿಲ್ಲಿಸಿದರೆ ರೋಗಿ ತನ್ನದೇ ದ್ರವದಲ್ಲಿ ಉಸಿರುಗಟ್ಟುತ್ತಾನೆ. ಪುಸ್ತಕದಲ್ಲಿ ಇದು ಎರಡು ಸಾಲು. ಕೈಗೆ ಬರುವುದು ಹಿರಿಯರು ಪಕ್ಕದಲ್ಲಿ ನಿಂತು, “ಇನ್ನೂ ಸಾಕಾಗಿಲ್ಲ, ಕೊಡಮ್ಮ” ಎಂದಾಗಲೇ.

ಬ್ರೂಕ್‌ಫೀಲ್ಡ್, ವೈಟ್‌ಫೀಲ್ಡ್ ಸುತ್ತಿನಲ್ಲಿ ಇಂಥ ಕಲಿಕೆಗೆ ಕೇಸುಗಳ ಕೊರತೆಯಿಲ್ಲ. ಐಟಿಪಿಎಲ್ ಟೆಕ್ ಪಾರ್ಕ್ ಕಡೆಯಿಂದ ಎದೆನೋವಿನ ಎಂಜಿನಿಯರ್, ಕಟ್ಟಡದಿಂದ ಬಿದ್ದ ಉತ್ತರ ಕರ್ನಾಟಕದ ಅಥವಾ ಬಿಹಾರದ ಕೂಲಿಯಾಳು, ಹೊಸಕೋಟೆ, ಮಾಲೂರು ಕಡೆಯ ಹಳ್ಳಿಯ ಹಾವು ಕಡಿತ ಎಲ್ಲವೂ ಈ ಭಾಗದ ಪಾಲಿಗೆ ಬರುವಂಥವೇ. ಕುಂದಲಹಳ್ಳಿ ಗೇಟಿನ ಟ್ರಾಫಿಕ್ ಗೊತ್ತಿದ್ದವರಿಗೆ ದೂರದ ಆಸ್ಪತ್ರೆಯ ಮಾತೇ ಬೇಡ ಅನಿಸುತ್ತದೆ. ಹತ್ತಿರದ ಬಾಗಿಲಲ್ಲೇ ತಜ್ಞರಿರಬೇಕು.

ನನ್ನ ಚಿಂತೆ ಊರಾಚೆಯದು. 2020ರ ನಿಯಮದಲ್ಲಿ ವೈದ್ಯಕೀಯ ಕಾಲೇಜುಗಳಿಗೆ ತುರ್ತು ಚಿಕಿತ್ಸಾ ವಿಭಾಗ ಕಡ್ಡಾಯ ಎಂದಿದ್ದ ರಾಷ್ಟ್ರೀಯ ವೈದ್ಯಕೀಯ ಆಯೋಗ, 2023ರ ನಿಯಮದಲ್ಲಿ ಅದನ್ನು ಕಡ್ಡಾಯ ವಿಭಾಗಗಳ ಪಟ್ಟಿಯಿಂದ ಕೈಬಿಟ್ಟಿತು. ಇದು ಹಿಂದಡಿ. ಅದೇ ವರ್ಷ ನಮ್ಮ ಸರ್ಕಾರ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ‘ಹೃದಯಜ್ಯೋತಿ’ ಯೋಜನೆ ತಂದಿತು. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ ಉಚಿತ. ಒಳ್ಳೆಯ ಕೆಲಸ. ಆದರೆ ಇಂಜೆಕ್ಷನ್ ಕೊಟ್ಟ ಮೇಲೆ ಹೃದಯದ ಬಡಿತ ತಪ್ಪಿದರೆ ಶಾಕ್ ಕೊಡುವ, ಉಸಿರಿನ ನಳಿಗೆ ಹಾಕುವ ಕೈಯೂ ಅಲ್ಲೇ ಇರಬೇಕು. ಪ್ರತಿ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಈ ಎಂಡಿ ಸೀಟುಗಳನ್ನು ತೆರೆದು, ಕಲಿಯುವವರನ್ನು ಕೆಲವು ತಿಂಗಳಾದರೂ ತಾಲ್ಲೂಕು ಆಸ್ಪತ್ರೆಗೆ ಕಳಿಸಲಿ.

ಓದುಗರಿಗೂ ಒಂದು ಮಾತು. ಅಪಘಾತಕ್ಕೊಳಗಾದವರನ್ನು ಆಸ್ಪತ್ರೆಗೆ ಸೇರಿಸಿದವರಿಗೆ ಕರ್ನಾಟಕದಲ್ಲಿ 2016ರ ಜೀವರಕ್ಷಕರ ಕಾಯ್ದೆಯ ರಕ್ಷಣೆಯಿದೆ. ಹೆದರದೆ 108ಕ್ಕೆ ಕರೆ ಮಾಡಿ, ಗಾಯಾಳುವಿನ ಜತೆ ನಿಲ್ಲಿ.