ಒಳಗೆ ಬರ್ಲಾ ಅಂತ ಕೇಳುವ ದೆವ್ವ

ರಕ್ತ ಹೀರುವ ದೆವ್ವದ ಸಿನಿಮಾ ಅಂದಮೇಲೆ ಕಿರುಚಾಟ ಇರಲೇಬೇಕು ಅಂದುಕೊಂಡು, ಹಾಸ್ಟೆಲ್ ರೂಮಿನ ಲೈಟ್ ಆರಿಸಿ ಮೂವರೂ ಲ್ಯಾಪ್‌ಟಾಪ್ ಮುಂದೆ ಕೂತೆವು. ನಾನು ಚನ್ನಗಿರಿಯವನು, ಉಳಿದಿಬ್ಬರು ಹೊನ್ನಾಳಿ, ನ್ಯಾಮತಿಯವರು. ಸ್ವೀಡನ್ನಿನ ಸಿನಿಮಾ, 2008ರ ‘ಲೆಟ್ ದ ರೈಟ್ ಒನ್ ಇನ್’. ಎಲ್ಲಿ ನೋಡಿದರೂ ಹಿಮ, ಮೌನ. ನ್ಯಾಮತಿಯವನು ಅರ್ಧಕ್ಕೇ ಗೊರಕೆ ಹೊಡೆದ.

ಸ್ಟಾಕ್‌ಹೋಮ್ ಹೊರವಲಯದ ಬ್ಲಾಕೆಬೆರ್ಗ್ ಬಡಾವಣೆ, 1980ರ ದಶಕದ ಆರಂಭ. 12 ವರ್ಷದ ಓಸ್ಕರ್‌ಗೆ ಶಾಲೆಯಲ್ಲಿ ಸಹಪಾಠಿಗಳ ಕಾಟ. ಪಕ್ಕದ ಮನೆಗೆ ಎಲಿ ಬರುತ್ತಾಳೆ. ಅವಳಿಗೂ 12, ಆದರೆ ಎಷ್ಟೋ ಕಾಲದಿಂದ 12! ರಕ್ತ ಕುಡಿಯದೆ ಬದುಕುವಂತಿಲ್ಲ. ಇಬ್ಬರೂ ನಡುವಿನ ಗೋಡೆ ತಟ್ಟಿ ಮೋರ್ಸ್ ಕೋಡಿನಲ್ಲಿ ಮಾತಾಡುತ್ತಾರೆ. ಮೂಲ ಕಾದಂಬರಿ, ಚಿತ್ರಕಥೆ ಎರಡನ್ನೂ ಬರೆದ ಲಿಂಡ್‌ಕ್ವಿಸ್ಟ್ ಬೆಳೆದದ್ದೂ ಅದೇ ಬಡಾವಣೆಯಲ್ಲಿ.

ಯಾರಾದರೂ ಕರೆಯದೆ ಎಲಿ ಹೊಸ್ತಿಲು ದಾಟುವಂತಿಲ್ಲ. ಒಮ್ಮೆ ಓಸ್ಕರ್ ಬೇಕೆಂದೇ ಕರೆಯುವುದಿಲ್ಲ. ಅವಳು ಒಳಗೆ ಬಂದೇಬಿಡುತ್ತಾಳೆ. ಕಣ್ಣು, ಕಿವಿ, ಮೈಯಿಂದೆಲ್ಲ ರಕ್ತ ಇಳಿಯತೊಡಗುತ್ತದೆ. ಓಸ್ಕರ್ ಗಾಬರಿಯಾಗಿ ಒಳಗೆ ಬಾ ಎನ್ನುತ್ತಾ ತಬ್ಬಿಕೊಳ್ಳುತ್ತಾನೆ.

ನನಗೆ ಅಜ್ಜಿ ಮನೆಯ ಬಾಗಿಲು ನೆನಪಾಯಿತು. ಅದರ ಮೇಲೆ ಮಾಸಿದ ಅಕ್ಷರಗಳಲ್ಲಿ ‘ನಾಳೆ ಬಾ’ ಎಂದಿತ್ತು. ರಾತ್ರಿ ಗುರುತಿನವರ ದನಿಯಲ್ಲಿ ಕೂಗುವ ದೆವ್ವ ಅದನ್ನೋದಿ ವಾಪಸ್ ಹೋಗುತ್ತೆ, ಮಾರನೇ ದಿನವೂ ಬಂದು ಅದನ್ನೇ ಓದುತ್ತೆ ಅಂತ ಅಜ್ಜಿ ಹೇಳುತ್ತಿದ್ದಳು. (ದೆವ್ವಕ್ಕೆ ಕನ್ನಡ ಓದಲು ಬರುತ್ತಿತ್ತಲ್ಲ, ಅದೇ ಸಮಾಧಾನ.) 2018ರ ಹಿಂದಿ ಸಿನಿಮಾ ‘ಸ್ತ್ರೀ’ಯಲ್ಲೂ ಊರಿನ ಗೋಡೆಗಳ ಮೇಲೆ ಇದೇ ಉಪಾಯ. ಹೊರಗೆ ನಿಂತ ದೆವ್ವಕ್ಕೆ ಹೇಗನ್ನಿಸುತ್ತಿತ್ತು ಅಂತ ಮಾತ್ರ ನಾನು ಯಾವತ್ತೂ ಯೋಚಿಸಿರಲಿಲ್ಲ.

ಹೋದ ಸೆಮಿಸ್ಟರ್‌ನಲ್ಲಿ ನಮ್ಮ ಪಕ್ಕದ ರೂಮಿಗೆ ಜಗಳೂರಿನ ಜೂನಿಯರ್ ಒಬ್ಬ ಬಂದಿದ್ದ. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದವನು, ಗಣಿತ ತಲೆಗೆ ಹತ್ತುತ್ತಿರಲಿಲ್ಲ. ನೋಟ್‌ಬುಕ್ ಹಿಡಿದು ಬಾಗಿಲಲ್ಲೇ ನಿಂತು ‘ಅಣ್ಣಾ, ಬರ್ಲಾ?’ ಅನ್ನುತ್ತಿದ್ದ. ನಾನು ಮೊಬೈಲಿನಿಂದ ತಲೆ ಎತ್ತದೆ ‘ನಾಳೆ ಬಾರೋ’ ಅನ್ನುತ್ತಿದ್ದೆ. ನಾಲ್ಕೈದು ಸಲ ಹೀಗಾಗಿರಬೇಕು. ಆಮೇಲೆ ಅವನು ಬರಲಿಲ್ಲ. ಕಾಲೇಜನ್ನೇ ಬಿಟ್ಟಿದ್ದಾನೆ ಅಂತ ಎಷ್ಟೋ ದಿನದ ಮೇಲೆ ಮೆಸ್ಸಿನಲ್ಲಿ ಯಾರೋ ಹೇಳಿದರು.

ಸಿನಿಮಾ ಮುಗಿದಾಗ ಹೊನ್ನಾಳಿಯವನಿಗೂ ನಿದ್ದೆ. ಜಗಳೂರಿನವನ ನಂಬರ್ ಹುಡುಕಿ ‘ಎಲ್ಲಿದ್ದೀಯೋ?’ ಅಂತ ಮೆಸೇಜ್ ಹಾಕಿದೆ. ಬೆಳಿಗ್ಗೆ ಉತ್ತರ ಬಂದಿತ್ತು: ‘ಊರಲ್ಲೇ ಇದೀನಣ್ಣ. ಗಣಿತ ಇನ್ನೂ ಬಾಕಿ ಐತೆ.’

ಭಾನುವಾರ ನಿಮ್ಮೂರಿಗೆ ಬರ್ಲಾ ಅಂತ ಕೇಳಿದ್ದೇನೆ. ಇದನ್ನು ಬರೆಯುವ ಹೊತ್ತಿಗೆ ಉತ್ತರ ಬಂದಿಲ್ಲ.